ಕಾಣಿಕೆ ಪೆಟ್ಟಿಗೆ ಎಣಿಸಲು ಇಬ್ಬರು ಬೇಕು

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಬಂತೆಂದರೆ ನಮ್ಮ ಮಲೆನಾಡಿನ ಸಹಕಾರ ಸಂಘಗಳಿಗೆ ಸರ್ವಸದಸ್ಯರ ಸಭೆಯ ಕಾಲ. ಅಚ್ಚು ಹಾಕಿಸಿದ ವಾರ್ಷಿಕ ವರದಿ ಸಭೆಯ ಬಾಗಿಲಲ್ಲಿ ಕೈಗೆ ಬರುತ್ತದೆ. ಜಮಾ-ಖರ್ಚನ್ನು ಓದಿದಂತೆಯೇ ಭಾವಿಸಿ ಅಂಗೀಕರಿಸಬೇಕೆಂದು ಅಧ್ಯಕ್ಷರು ಕೋರುತ್ತಾರೆ. ಹಿಂದಿನ ಸಾಲಿನಲ್ಲಿ ಆಗಲೇ ಊಟದ ಎಲೆ ಹಾಕುವ ಸದ್ದು ಕೇಳುತ್ತಿರುವುದರಿಂದ ಎಲ್ಲರೂ ಕೈ ಎತ್ತುತ್ತಾರೆ. ಆಮೇಲೆ ಎಂದಾದರೊಂದು ದಿನ ಎಲ್ಲೋ ಒಂದು ಸಂಘದ ಠೇವಣಿ ಹಣ ಕರಗಿಹೋದ ಸುದ್ದಿ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಅದನ್ನು ಓದಿದವರೆಲ್ಲರ ಬಾಯಲ್ಲೂ ಒಂದೇ ಮಾತು: "ಅಷ್ಟು ನಂಬಿದ್ದೆವು, ಹೀಗೆ ಮಾಡಿಬಿಟ್ಟನಲ್ಲ."

ಈ ಮಾತಿನಲ್ಲಿರುವ ನಂಬಿಕೆಯ ಬಗ್ಗೆಯೇ ನನಗೆ ತಕರಾರಿದೆ. ಲೆಕ್ಕ ಕೇಳದಿರುವುದನ್ನು ನಾವು ನಂಬಿಕೆ ಎಂದು ಕರೆಯುತ್ತಿದ್ದೇವೆ. ಲೆಕ್ಕ ಕೇಳಿದವನನ್ನು ಅನುಮಾನದ ಪಿಶಾಚಿ ಎಂದು ಆಡಿಕೊಳ್ಳುತ್ತೇವೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರಾಥಮಿಕ ಸಹಕಾರ ಸಂಘದಲ್ಲಿ ಗುಮಾಸ್ತನಾಗಿ ನಿವೃತ್ತನಾದವನು ನಾನು. ನಮ್ಮ ಸಣ್ಣ ಚರ್ಚಿನ ಖಜಾಂಚಿಯಾಗಿಯೂ ಬಹಳ ಕಾಲ ಇದ್ದೆ. ಈ ವಿಷಯದಲ್ಲಿ ಬೈಬಲ್ ಹೇಳುವುದು ನಮ್ಮ ರೂಢಿಯ ಮಾತಿಗಿಂತ ಬೇರೆಯಾಗಿದೆ ಎಂದು ನನಗೆ ತೋರಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಮತಪ್ರಚಾರ ನನ್ನ ಉದ್ದೇಶವಲ್ಲ. ಹಣದ ಮುಂದೆ ಕೈ ಶುದ್ಧವಾಗಿರಬೇಕೆಂಬ ಮಾತನ್ನು ಕಲಿಯಲು ಈ ಜಿಲ್ಲೆಯವರು ಹೊರಗೆಲ್ಲೂ ಹೋಗಬೇಕಾಗಿಲ್ಲ. ಲಂಚ ವಂಚನೆಗೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು ವಸ್ತ್ರ ಬಿದ್ದಿದ್ದರೂ ಮುಟ್ಟಿ ಎತ್ತುವುದಿಲ್ಲ ಎಂದು ಆಣೆಯಿಟ್ಟು ನುಡಿದ ಶರಣೆ ಸತ್ಯಕ್ಕ ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನವಳು. ನಾನು ಓದಿ ಬೆಳೆದ ಗ್ರಂಥ ಬೈಬಲ್ ಆದ್ದರಿಂದ ಅದರಿಂದಲೇ ಹೇಳುತ್ತೇನೆ.

ಅರಸುಗಳ ಎರಡನೆಯ ಭಾಗದ 12ನೆಯ ಅಧ್ಯಾಯದಲ್ಲಿ ಯೆಹೂದದ ಅರಸ ಯೋವಾಷನ ಕಾಲದ ಒಂದು ಪ್ರಸಂಗವಿದೆ. ದೇವಾಲಯ ಅಲ್ಲಲ್ಲಿ ಶಿಥಿಲವಾಗಿತ್ತು. ಭಕ್ತರು ತರುವ ಹಣವನ್ನು ಯಾಜಕರು ಪಡೆದುಕೊಂಡು ದುರಸ್ತಿ ಮಾಡಿಸಬೇಕೆಂದು ಅರಸ ಹೇಳಿದ. ಅವನ ಆಳ್ವಿಕೆಯ 23ನೆಯ ವರ್ಷ ಬಂದರೂ ದುರಸ್ತಿ ಆಗಿರಲಿಲ್ಲ. ಹಣವನ್ನು ಯಾಜಕರು ಕದ್ದರೆಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಸಂಘದ ಕಚೇರಿಯಲ್ಲಿ ಕುಳಿತು ಬಂದ ನನಗೆ ಆ ಮೌನದ ಅರ್ಥ ಚೆನ್ನಾಗಿ ತಿಳಿಯುತ್ತದೆ: ಹಣ ಬರುತ್ತಿರುತ್ತದೆ, ಹೋಗುತ್ತಿರುತ್ತದೆ, ಯಾರೂ ಕದ್ದಿರುವುದಿಲ್ಲ, ಆದರೂ ಕಟ್ಟಡದ ಮಾಡು ಸೋರುತ್ತಲೇ ಇರುತ್ತದೆ. ಆಗ ಅರಸನು ಮಹಾಯಾಜಕ ಯೆಹೋಯಾದನನ್ನು ಕರೆಸಿ, ಇನ್ನು ಮೇಲೆ ಯಾಜಕರು ತಾವಾಗಿ ಹಣ ಪಡೆಯಬಾರದು ಎಂದ. ಯೆಹೋಯಾದನು ಒಂದು ಪೆಟ್ಟಿಗೆ ತಂದು, ಅದರ ಮುಚ್ಚಳಕ್ಕೆ ತೂತು ಕೊರೆದು, ಒಳಗೆ ಬರುವವರ ಬಲಗಡೆಗೆ ಯಜ್ಞವೇದಿಯ ಪಕ್ಕದಲ್ಲಿ ಇಡಿಸಿದ. ಪೆಟ್ಟಿಗೆ ತುಂಬಿತೆಂದು ಕಂಡಾಗಲೆಲ್ಲ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು, ಹಣವನ್ನು ಎಣಿಸಿ ಚೀಲಗಳಲ್ಲಿ ಕಟ್ಟಿ, ಕೆಲಸದ ಮೇಲ್ವಿಚಾರಕರ ಕೈಗೆ ತೂಗಿ ಕೊಡುತ್ತಿದ್ದರು. ಅದು ಬಡಗಿಗಳಿಗೆ, ಗಾರೆಯವರಿಗೆ, ಕಲ್ಲುಕುಟಿಗರಿಗೆ, ಮರಕ್ಕೆ, ಕಲ್ಲಿಗೆ ಹೋಯಿತು. ಬೆಳ್ಳಿಯ ಬಟ್ಟಲುಗಳಿಗೆ ಹೋಗಲಿಲ್ಲ ಎಂಬುದನ್ನೂ ಬರೆದವರು ಬಿಟ್ಟಿಲ್ಲ.

ಇಲ್ಲಿ ಉಪದೇಶವೇ ಇಲ್ಲ ಎಂಬುದನ್ನು ಗಮನಿಸಬೇಕು. ಪ್ರಾಮಾಣಿಕರಾಗಿರಿ ಎಂದು ಯಾರಿಗೂ ಬೋಧಿಸದೆ ಒಂದು ಪೆಟ್ಟಿಗೆ, ಒಂದು ತೂತು, ಎಣಿಸಲು ಇಬ್ಬರು ಎಂದು ಏರ್ಪಾಡು ಮಾಡಿದರು. ಆ ಇಬ್ಬರೂ ಒಂದೇ ಕಡೆಯವರಲ್ಲ. ಒಬ್ಬ ಅರಮನೆಯವ, ಇನ್ನೊಬ್ಬ ಗುಡಿಯವ. ನಮ್ಮ ಅನೇಕ ಸಮಿತಿಗಳಲ್ಲಿ ಎಣಿಸುವ ಇಬ್ಬರು ಅಣ್ಣ-ತಮ್ಮ, ಇಲ್ಲವೇ ಮಾವ-ಅಳಿಯ ಆಗಿರುತ್ತಾರೆ.

ಈಗ ನನ್ನ ತಪ್ಪನ್ನು ಹೇಳಬೇಕು, ಇಲ್ಲವಾದರೆ ಈ ಪತ್ರಕ್ಕೆ ಬೆಲೆಯಿಲ್ಲ. 1998ರ ಆಷಾಢದಲ್ಲಿ ನಮ್ಮ ಕಡೆ ಮಳೆ ಹಿಡಿದು, ಹಳ್ಳ ತುಂಬಿ, ಮೂರು ದಿನ ಬಸ್ಸು ಬರಲಿಲ್ಲ. ಭಾನುವಾರದ ಕಾಣಿಕೆಯನ್ನು ನಾನೊಬ್ಬನೇ ಎಣಿಸಿ ಮನೆಯ ಟ್ರಂಕಿನಲ್ಲಿಟ್ಟು, ಸೋಮವಾರ ಬ್ಯಾಂಕಿಗೆ ಕಟ್ಟುವುದು ರೂಢಿ. ಆ ವಾರ ಹಣ ಟ್ರಂಕಿನಲ್ಲೇ ಉಳಿಯಿತು. ಮನೆಯಾಕೆಗೆ ಜ್ವರ ಏರಿತು. ಜೀಪು ಮಾಡಿಕೊಂಡು ಆಸ್ಪತ್ರೆಗೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ. ಕಾಣಿಕೆ ಹಣದಿಂದ 600 ರೂಪಾಯಿ ತೆಗೆದೆ. ಸಂಬಳ ಬಂದ ದಿನ ಹಾಗೆಯೇ ತಂದಿಟ್ಟೆ. ಇಷ್ಟಕ್ಕೇ ನಿಂತಿದ್ದರೆ ಕಷ್ಟಕಾಲದ ಕಥೆ ಎಂದುಕೊಳ್ಳಬಹುದಿತ್ತು. ಆದರೆ ಮರುವರ್ಷದೊಳಗೆ ಇನ್ನೂ ಮೂರು ಸಲ ತೆಗೆದೆ, ಆಗ ಮನೆಯಲ್ಲಿ ಯಾರಿಗೂ ಜ್ವರವಿರಲಿಲ್ಲ. ಒಂದು ಸಲ ಮಗನ ಶಾಲೆಯ ಶುಲ್ಕ, ಒಂದು ಸಲ ನೆಂಟರ ಮದುವೆಯ ಉಡುಗೊರೆ, ಇನ್ನೊಂದು ಯಾವುದಕ್ಕೆಂದು ನೆನಪೇ ಇಲ್ಲ. ನೆನಪಿಲ್ಲದಿರುವುದೇ ನನ್ನನ್ನು ಹೆಚ್ಚು ಹೆದರಿಸಿತು. ಒಮ್ಮೆಯಂತೂ ಹಣ ಹಿಂದಿಡುವ ಮೊದಲೇ ಪುಸ್ತಕದಲ್ಲಿ ಜಮಾ ಬರೆದು ಬ್ಯಾಂಕಿಗೆ ಕಟ್ಟಿದಂತೆ ತೋರಿಸಿದ್ದೆ. ಒಂದು ರೂಪಾಯಿಯೂ ಕಡಿಮೆಯಾಗದಂತೆ ಎಲ್ಲವನ್ನೂ ಹಿಂದಕ್ಕೆ ಇಟ್ಟೆ. ಆದರೂ ಆ ಬರಹ ಸುಳ್ಳು.

ಯೇಸುವಿನ ಶಿಷ್ಯರ ಹಣದ ಚೀಲ ಇಸ್ಕರಿಯೋತ ಯೂದನ ಬಳಿಯಿತ್ತು, ಅವನು ಅದರಲ್ಲಿ ಹಾಕಿದ್ದನ್ನು ತೆಗೆದುಕೊಳ್ಳುತ್ತಿದ್ದನು ಎಂದು ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯ ಹೇಳುತ್ತದೆ. ಯೂದನೆಂದರೆ ಎಲ್ಲರಿಗೂ ಯೇಸುವನ್ನು ಹಿಡಿದುಕೊಡಲು ಅವನು ಪಡೆದ ಮೂವತ್ತು ಬೆಳ್ಳಿ ನಾಣ್ಯದ ನೆನಪು. ಅದಕ್ಕೂ ಮೊದಲು ಅವನು ನನ್ನಂತೆಯೇ ಒಬ್ಬ ಖಜಾಂಚಿ. ಒಂದು ಭಾನುವಾರ ಈ ಭಾಗವನ್ನು ಚರ್ಚಿನಲ್ಲಿ ಓದುವ ಸರದಿ ನನ್ನದೇ ಆಗಿ ಬಂದಿತು. ಗಂಟಲು ಕಟ್ಟಿತು. ಅಂದು ಸಂಜೆ ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮನ್ನು ಖಜಾಂಚಿ ಕೆಲಸದಿಂದ ತೆಗೆಯಬೇಕೋ ಬೇಡವೋ ಕಮಿಟಿ ಹೇಳಲಿ. ಒಬ್ಬರೇ ಎಣಿಸುವುದನ್ನು ಮಾತ್ರ ನಾನು ಇವತ್ತೇ ತೆಗೆಯುತ್ತೇನೆ" ಎಂದರು. ಯೋವಾಷನ ಪೆಟ್ಟಿಗೆಯ ಅಧ್ಯಾಯವನ್ನು ಅವರೇ ತೆಗೆದು ತೋರಿಸಿದ್ದು. ಕಮಿಟಿಯ ಮುಂದೆ ನಾನು ಮತ್ತೊಮ್ಮೆ ಹೇಳಬೇಕಾಯಿತು. ಮೊದಲ ಸಲಕ್ಕಿಂತ ಅದೇ ಕಷ್ಟವಾಯಿತು, ಏಕೆಂದರೆ ಅಲ್ಲಿ ಕುಳಿತವರಲ್ಲಿ ಇಬ್ಬರಿಗೆ ನಾನು ಸಂಘದಲ್ಲಿ ಸುಸ್ತಿ ಸಾಲದ ನೋಟಿಸು ಬರೆದವನು. ನನ್ನ ಜೊತೆ ಎಣಿಸಲು ಅವರು ಆರಿಸಿದ್ದು ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಹಿರಿಯ ಹೆಂಗಸನ್ನು. ಆಕೆಗೆ ಓದುಬರಹವಿಲ್ಲ, ಚಿಲ್ಲರೆಯನ್ನು ಐದೈದಾಗಿ ಸರಿಸಿ ಎಣಿಸುವುದರಲ್ಲಿ ಮಾತ್ರ ನನಗಿಂತ ಚುರುಕು. ಮೊದಲ ಭಾನುವಾರವೇ ನನ್ನ ಮೊತ್ತದಲ್ಲಿ ಹತ್ತು ರೂಪಾಯಿ ತಪ್ಪು ಹಿಡಿದು, "ಇನ್ನೊಂದ್ಸಲ ಎಣಿಸಿ ರೈಟ್ರೇ, ದುಡ್ಡೇನು ಓಡಿ ಹೋಗಲ್ಲ" ಎಂದರು. ಹತ್ತೊಂಬತ್ತು ವರ್ಷ ನಾವಿಬ್ಬರೂ ಎಣಿಸಿದೆವು. ಆ ವರ್ಷಗಳಲ್ಲಿ ನನಗೆ ಎಷ್ಟು ನೆಮ್ಮದಿಯಿತ್ತೆಂದರೆ, ಅದಕ್ಕೂ ಮುಂಚೆ ಒಬ್ಬನೇ ಎಣಿಸುತ್ತಿದ್ದ ದಿನಗಳನ್ನು ನನ್ನ ಮೇಲಿನ ಗೌರವ ಎಂದು ಹೇಗೆ ತಿಳಿದುಕೊಂಡಿದ್ದೆನೋ ಅರ್ಥವಾಗುವುದಿಲ್ಲ.

ಯೋವಾಷನ ಪೆಟ್ಟಿಗೆಯ ಆ ಅಧ್ಯಾಯದ 15ನೆಯ ವಚನವನ್ನು ಕೆಲವರು ನನ್ನೆದುರು ಹಿಡಿಯುವುದುಂಟು: ಕೆಲಸ ಮಾಡಿಸುವವರು ನಂಬಿಗಸ್ತರಾಗಿದ್ದುದರಿಂದ ಅವರಿಂದ ಲೆಕ್ಕ ಕೇಳಲಿಲ್ಲ ಎಂದಿದೆಯಲ್ಲ, ಎಂದು. ನಿಜ, ಹಾಗೆಯೇ ಇದೆ. ಆದರೆ ಅವರ ಕೈಗೆ ಹಣ ಹೋದದ್ದು ಇಬ್ಬರು ಎಣಿಸಿ ಚೀಲ ಕಟ್ಟಿ ತೂಗಿದ ಮೇಲೆ. ಇನ್ನೂ ಸಂಶಯವಿದ್ದವರು ಆದಿ ಕ್ರೈಸ್ತ ಬೋಧಕ ಪೌಲನು ಕೊರಿಂಥದ ಕ್ರೈಸ್ತರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯವನ್ನು ನೋಡಬಹುದು. ಯೆರೂಸಲೇಮಿನ ಬಡವರಿಗಾಗಿ ಊರೂರಲ್ಲಿ ಸಂಗ್ರಹಿಸಿದ ಹಣವನ್ನು ಸಾಗಿಸುವಾಗ ಅವನು ಕ್ರೈಸ್ತ ಸಭೆಗಳೇ ಆರಿಸಿಕೊಟ್ಟವನೊಬ್ಬನನ್ನು ಜೊತೆಗೆ ಕರೆದುಕೊಳ್ಳುತ್ತಾನೆ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸದಂತೆ ಎಚ್ಚರ ವಹಿಸುತ್ತೇವೆ, ದೇವರ ದೃಷ್ಟಿಯಲ್ಲಿ ಮಾತ್ರವಲ್ಲ ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾದದ್ದನ್ನು ಮಾಡಲು ನೋಡುತ್ತೇವೆ ಎಂಬುದು ಅವನ ಮಾತಿನ ತಾತ್ಪರ್ಯ. "ದೇವರು ನೋಡುತ್ತಾನೆ, ನಿಮಗೇಕೆ ಲೆಕ್ಕ" ಎನ್ನುವ ಧರ್ಮಾಧಿಕಾರಿಗಳು ಎಲ್ಲ ಮತಗಳಲ್ಲೂ ಇದ್ದಾರೆ. ಪೌಲನಿಗೆ ದೇವರು ನೋಡಿದರೆ ಸಾಲದಾಗಿತ್ತು.

ಅಡಿಕೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಹಣವೆಂದರೆ ಕೊನೆಗೆ ಅಡಿಕೆಯೇ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂದು ಜ್ಞಾನೋಕ್ತಿಗಳ 11ನೆಯ ಅಧ್ಯಾಯ ಶುರುವಾಗುತ್ತದೆ. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ಇನ್ನೂ ಬಿಗಿ: ದೊಡ್ಡದೊಂದು ಚಿಕ್ಕದೊಂದು ಹೀಗೆ ಎರಡು ಬಗೆಯ ತೂಕದ ಕಲ್ಲು ನಿನ್ನ ಚೀಲದಲ್ಲಿ ಇರಲೇಬಾರದು. ಬಳಸಬಾರದು ಎಂದಲ್ಲ, ಇರಬಾರದು ಎಂದು. ಇಂದು ಕಲ್ಲಿನ ಜಾಗದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಅದನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಮನೆ ಬಾಗಿಲಿಗೆ ಬಂದು ಹಸಿ ಅಡಿಕೆ ತೂಗಿಕೊಂಡು ಹೋಗುವವರ ತಕ್ಕಡಿಯ ಮೇಲೆ ಆ ಮುದ್ರೆಯನ್ನು ನಮ್ಮಲ್ಲಿ ಎಷ್ಟು ಜನ ಹುಡುಕಿ ನೋಡಿದ್ದೇವೆ? ಎರಡು ಕಲ್ಲು ಈಗ ಎರಡು ಪುಸ್ತಕವಾಗಿಯೂ ಚೀಲದಲ್ಲಿವೆ, ಇಲಾಖೆಗೆ ತೋರಿಸಲು ಒಂದು, ಮನೆಗೆ ಒಂದು. ಒಣ ಅಡಿಕೆಗೆ ಶೇ 5ರಷ್ಟು ಜಿಎಸ್‌ಟಿ ಇದೆ. ಅದನ್ನು ತಪ್ಪಿಸಲು ಬಿಲ್ಲಿಲ್ಲದೆ ಮಾರುವಾಗ ಕೊಡುವವರೂ ಕೊಳ್ಳುವವರೂ ನಗುತ್ತಲೇ ಕೈ ಕುಲುಕುತ್ತಾರೆ.

ಬೆಳೆಗಾರನೂ ಸಾಚಾ ಅಲ್ಲ. ರಾಶಿ ದರ್ಜೆಯ ಅಡಿಕೆಯ ಚೀಲದ ನಡುವೆ ಕೀಳು ದರ್ಜೆಯ ಗೊರಬಲು ಸೇರಿಸುವುದು, ಸರಿಯಾಗಿ ಒಣಗದ್ದನ್ನು ತೂಕಕ್ಕಾಗಿ ತುಂಬುವುದು ನಮ್ಮ ಅಂಗಳಗಳಲ್ಲಿ ನಡೆಯದ ಕೆಲಸವೇನಲ್ಲ. ಗೋಧಿಯ ಕಸವನ್ನೂ ಮಾರಿಬಿಡೋಣ, ಅಳತೆಯನ್ನು ಕಿರಿದು ಮಾಡಿ ಬೆಲೆಯನ್ನು ಹಿರಿದು ಮಾಡೋಣ, ಹಬ್ಬದ ದಿನ ಯಾವಾಗ ಮುಗಿದೀತೋ ಎಂದು ಕಾಯುತ್ತಿದ್ದ ವ್ಯಾಪಾರಿಗಳನ್ನು ಪ್ರವಾದಿ ಆಮೋಸನು ತನ್ನ ಗ್ರಂಥದ 8ನೆಯ ಅಧ್ಯಾಯದಲ್ಲಿ ಬಯ್ಯುತ್ತಾನೆ. ಕೊಳ್ಳುವವನ ಚಾಳಿಯ ಮೇಲೆ ಜ್ಞಾನೋಕ್ತಿಗಳ 20ನೆಯ ಅಧ್ಯಾಯದಲ್ಲಿ ಇರುವ ಒಂದು ಮಾತನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ: "ಚೆನ್ನಾಗಿಲ್ಲ, ಚೆನ್ನಾಗಿಲ್ಲ" ಎನ್ನುತ್ತಾನಂತೆ ಕೊಳ್ಳುವವನು, ಆಚೆ ಹೋದ ಮೇಲೆ ಹೊಗಳಿಕೊಳ್ಳುತ್ತಾನಂತೆ. ಮಂಡಿಯಲ್ಲಿ ಅಡಿಕೆ ಕೈಯಲ್ಲಿ ಹಿಡಿದು ಮುಖ ಸಿಂಡರಿಸಿದವರನ್ನು ನೋಡಿದ ಯಾರೇ ಆದರೂ ಇದನ್ನು ಬರೆಯಬಹುದಿತ್ತು.

ಮಳೆಗಾಲದಲ್ಲಿ ಮುಂಗಡ ತೆಗೆದುಕೊಂಡವನು ಕೊಯ್ಲಿನ ಕಾಲಕ್ಕೆ ಅದೇ ಮಂಡಿಗೆ ಅಡಿಕೆ ಹಾಕಬೇಕಾಗುತ್ತದೆ, ಅವರು ಹೇಳಿದ ದರಕ್ಕೆ ತಲೆಯಾಡಿಸಬೇಕಾಗುತ್ತದೆ. ಸಾಲ ಮಾಡಿದವನು ಸಾಲ ಕೊಟ್ಟವನಿಗೆ ಆಳು ಎಂಬ ಮಾತಿನ ಅರ್ಥ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣದು. 1939ರಲ್ಲಿ ಶಿವಮೊಗ್ಗದಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘ, ನಾವು ಮ್ಯಾಮ್ಕೋಸ್ ಎಂದು ಕರೆಯುವುದು, ಹುಟ್ಟಿಕೊಂಡಾಗ ಬೆಳೆಗಾರನು ತನ್ನ ಬೆಳೆಯನ್ನು ತನ್ನದೇ ಸಂಸ್ಥೆಯ ಮೂಲಕ ಮಾರುವಂತಾಯಿತು. ಸಂಘಗಳನ್ನು ನಾನು ಟೀಕಿಸುತ್ತಿರುವುದು ಅವು ಬೇಡವೆಂದಲ್ಲ, ಅವು ಬಿದ್ದರೆ ನಾವು ಮತ್ತೆ ಯಾರ ಕಟ್ಟೆಯ ಮುಂದೆ ನಿಲ್ಲಬೇಕೆಂಬುದು ಗೊತ್ತಿರುವುದರಿಂದ.

ಕೂಲಿಯ ಬಗ್ಗೆ ಬೈಬಲ್ ಹೇಳುವುದು ಚಿಕ್ಕದು, ಕಟುವಾದದ್ದು. ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಾಗುವವರೆಗೆ ನಿನ್ನ ಬಳಿ ಇರಬಾರದು ಎನ್ನುತ್ತದೆ ಯಾಜಕಕಾಂಡದ 19ನೆಯ ಅಧ್ಯಾಯ. ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ ಎನ್ನುತ್ತಾನೆ ಯಾಕೋಬನು ತನ್ನ ಪತ್ರದಲ್ಲಿ. ಅಡಿಕೆ ಸುಲಿಯಲು ಬರುವ ಹೆಂಗಸರು ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು, ಲೆಕ್ಕ ಬರೆಸಿ, "ಅಡಿಕೆ ಮಾರಿದ ಮೇಲೆ ಕೊಡ್ತೀನಿ ಕಣಮ್ಮ" ಎಂಬ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಆ ಮನೆಗಳಲ್ಲಿ ನಮ್ಮ ಚರ್ಚಿನವರ ಮನೆಗಳೂ ಇದ್ದವು. ಮರ ಹತ್ತುವ ಕೊನೆಗಾರನಿಗೆ ಮಾತ್ರ ಅಂದಿನ ಹಣ ಅಂದೇ ಸಿಗುತ್ತದೆ. ಇಲ್ಲದಿದ್ದರೆ ಅವನು ನಾಳೆ ಬರುವುದಿಲ್ಲವೆಂಬ ಭಯ ನಮಗಿದೆ. ಹೆಂಗಸರ ವಿಷಯದಲ್ಲಿ ಆ ಭಯವಿಲ್ಲ.

ಜಾಮೀನಿನ ಬಗ್ಗೆ ಒಂದಿಷ್ಟು ಹೆಚ್ಚು ಬರೆಯಬೇಕು. ಸಂಘದ ಕಿಟಕಿಯಲ್ಲಿ ಕುಳಿತಿದ್ದ ನಾನು ದಿನವೂ ಕಾಣುತ್ತಿದ್ದ ನೋಟವದು: ಸಾಲಗಾರನ ಜೊತೆ ಬಂದವರು ಎಲ್ಲಿ ಸಹಿ ಎಂದು ಕೇಳಿ, ಗುರುತು ಹಾಕಿದ ಕಡೆ ಸಹಿ ಮಾಡಿ, ಚಹಾ ಕುಡಿದು ಹೋಗುತ್ತಿದ್ದರು. ಏನನ್ನು ಓದಿದರೆಂದು ಕೇಳಿದರೆ "ನಮ್ಮವನಲ್ವಾ" ಎಂಬ ಉತ್ತರ. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅಂದರೆ ಅವನು ಕಟ್ಟದಿದ್ದರೆ ನೀವು ಕಟ್ಟಬೇಕು, ಅದೂ ಬಡ್ಡಿ ಸಮೇತ. ನೆರೆಯವನಿಗೆ ಹೊಣೆ ನಿಂತು ಮಾತಿನ ಬಲೆಗೆ ಸಿಕ್ಕಿಬಿದ್ದಿದ್ದರೆ ಕಣ್ಣಿಗೆ ನಿದ್ದೆ ಕೊಡಬೇಡ, ಹೋಗಿ ಅಂಗಲಾಚು, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೋ ಎಂದು ಜ್ಞಾನೋಕ್ತಿಗಳ 6ನೆಯ ಅಧ್ಯಾಯ ಹೇಳುತ್ತದೆ. 22ನೆಯ ಅಧ್ಯಾಯದಲ್ಲಿ ಇನ್ನೊಂದು ಮಾತು: ತೀರಿಸಲು ನಿನ್ನ ಬಳಿ ಏನೂ ಇಲ್ಲದಿದ್ದರೆ ನಿನ್ನ ಹಾಸಿಗೆಯನ್ನೇ ಏಕೆ ಎಳೆದುಕೊಂಡು ಹೋಗಬೇಕು? ಇದೆಲ್ಲ ಗೊತ್ತಿದ್ದೂ ನಾನು ಒಬ್ಬ ನೆರೆಯವರಿಗೆ ಸಹಿ ಹಾಕಿದ್ದೆ. ಅವರು ಮೋಸಗಾರರಲ್ಲ. ಎರಡು ವರ್ಷ ಸತತವಾಗಿ ತೋಟಕ್ಕೆ ಕೊಳೆರೋಗ ಬಿದ್ದು ಕೈ ಬರಿದಾಯಿತು. ಉಳಿದ ಕಂತುಗಳನ್ನು ಮೂರು ವರ್ಷ ನನ್ನ ಸಂಬಳದಿಂದ ಕಟ್ಟಿದೆ. ಈಗಲೂ ಅವರು ದಾರಿಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ಹೋಗುತ್ತಾರೆ. ಹಣಕ್ಕಿಂತ ಅದೇ ನನಗೆ ನೋವು. ಆ ಹಣವನ್ನು ಅಂದೇ ಕೈಯಾರೆ ಕೊಟ್ಟು, ಹಿಂದಕ್ಕೆ ಬೇಡ ಎಂದಿದ್ದರೆ ನಮ್ಮಿಬ್ಬರ ಸ್ನೇಹವಾದರೂ ಉಳಿಯುತ್ತಿತ್ತೇನೋ.

ಕಿರುಸಾಲ ವಸೂಲಿಗಾರರ ಕಾಟ ಹೆಚ್ಚಾಗಿ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಒಳ್ಳೆಯದೇ ಆಯಿತು. ಒತ್ತೆಯಿಟ್ಟ ಹೊದಿಕೆಯನ್ನು ಸೂರ್ಯ ಮುಳುಗುವ ಮೊದಲು ಬಡವನಿಗೆ ಹಿಂದಿರುಗಿಸು ಎಂಬ ವಿಮೋಚನಕಾಂಡದ ಕಟ್ಟಳೆಯೂ ಇದನ್ನೇ ಕೇಳುತ್ತದೆ. ಆದರೆ ಸಾಲ ತೆಗೆದು ತೀರಿಸದಿರುವವನನ್ನು ಕೀರ್ತನೆಗಳು ದುಷ್ಟನೆಂದೇ ಕರೆಯುತ್ತವೆ. ಶಕ್ತಿಯಿದ್ದೂ ಮನ್ನಾ ಬರುತ್ತದೆಂದು ಕಾಯುತ್ತಾ ಕುಳಿತವರನ್ನು ನಾನು ಹೆಸರು ಹಿಡಿದು ಬಲ್ಲೆ.

ತಪ್ಪು ಹೊರಬಿದ್ದ ಮೇಲೆ ಏನು ಮಾಡಬೇಕೆಂಬುದಕ್ಕೆ ಯೆರಿಕೋವಿನ ಸುಂಕದವರ ಮುಖ್ಯಸ್ಥ ಜಕ್ಕಾಯನಿದ್ದಾನೆ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ ಅವನು. ನಮ್ಮಲ್ಲಿ ಸಿಕ್ಕಿಬಿದ್ದವರು ದೇವಸ್ಥಾನಕ್ಕೆ ಗಂಟೆ ಮಾಡಿಸುತ್ತಾರೆ, ಚರ್ಚಿಗೆ ಫ್ಯಾನು ಕೊಡಿಸುತ್ತಾರೆ, ಹಣ ಕಳೆದುಕೊಂಡ ವಿಧವೆಯ ಮನೆಯ ಕಡೆ ತಲೆ ಹಾಕುವುದಿಲ್ಲ. ಕೊಟ್ಟರೆ ನೂರರಷ್ಟು ಬರುತ್ತದೆಂದು ಟಿ.ವಿ.ಯಲ್ಲಿ ಕೈಯೆತ್ತಿ ಕೂಗುವ ಬೋಧಕರು ಜಕ್ಕಾಯನ ಈ ಲೆಕ್ಕವನ್ನು ಎಂದಾದರೂ ಓದಿ ಹೇಳಿದ್ದನ್ನು ನಾನು ಕೇಳಿಲ್ಲ.

ತಮ್ಮ ಪತ್ರಿಕೆಯಲ್ಲಿ ನನ್ನದೊಂದು ಕೋರಿಕೆಯಿದೆ. ಬ್ಯಾಂಕುಗಳಲ್ಲಿಟ್ಟ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ, ಆದರೆ ನಮ್ಮೂರ ಪ್ರಾಥಮಿಕ ಸಂಘಗಳಿಗೂ ಪತ್ತಿನ ಸಂಘಗಳಿಗೂ ಅನ್ವಯಿಸುವುದಿಲ್ಲ. ನಿವೃತ್ತಿಯ ಹಣವನ್ನು ಅರ್ಧ ಪರ್ಸೆಂಟು ಹೆಚ್ಚಿನ ಬಡ್ಡಿಗೆ ಅಲ್ಲಿಡುವ ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಇದು ಗೊತ್ತಿರುವುದಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರಕಟಿಸಿ. ಸಂಘಗಳೂ ಲೆಕ್ಕಪರಿಶೋಧಕರ ಆಕ್ಷೇಪಣೆಗಳನ್ನು ಸರಳ ಕನ್ನಡದಲ್ಲಿ ಬರೆದು ಸಭೆಗೆ ಒಂದು ವಾರ ಮೊದಲೇ ಸೂಚನಾ ಫಲಕಕ್ಕೆ ಅಂಟಿಸಲಿ. ಪ್ರತಿ ಸದಸ್ಯನ ಪಾಸ್‌ಬುಕ್ಕನ್ನು ಖಾತೆ ಪುಸ್ತಕದೊಡನೆ ತಾಳೆ ನೋಡಲು ಒಂದು ದಿನ ಗೊತ್ತು ಮಾಡಲಿ. ಚರ್ಚು, ಮಸೀದಿ, ಜಾತ್ರಾ ಸಮಿತಿ, ಗಣಪತಿ ಸಮಿತಿ, ಎಲ್ಲವೂ ಎಣಿಕೆಗೆ ಒಂದೇ ಮನೆಯವರಲ್ಲದ ಇಬ್ಬರನ್ನು ಕೂರಿಸಲಿ.

ನಮ್ಮ ಸಂಘದ ಸಭೆಯ ನೋಟಿಸು ನಿನ್ನೆ ಬಂದಿದೆ. ಬಂಗಾರದ ಸಾಲದ ಒಡವೆಗಳನ್ನಿಡುವ ಕಬ್ಬಿಣದ ಪೆಟ್ಟಿಗೆಗೆ ಎರಡು ಬೀಗ, ಎರಡು ಬೀಗದ ಕೈ ಇವೆ. ನನ್ನ ಕಾಲದಲ್ಲಿ ಎರಡೂ ಎಷ್ಟೋ ದಿನ ಒಬ್ಬರ ಜೇಬಿನಲ್ಲೇ ಇರುತ್ತಿದ್ದವು, ನಾನೂ ನೋಡಿ ಸುಮ್ಮನಿದ್ದವನು. ಅವು ಈಗ ಯಾರ ಯಾರ ಬಳಿ ಇವೆ ಎಂಬುದೇ ಈ ಸಲ ನಾನು ಎದ್ದು ಕೇಳುವ ಮೊದಲ ಪ್ರಶ್ನೆ.

ಇಂತಿ,
ಒಬ್ಬ ನಿವೃತ್ತ ಸಹಕಾರ ಸಂಘದ ಗುಮಾಸ್ತ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ